ಕಡವೆಗೆ ಹಾಳೆಯಲ್ಲಿ ಬಡಿಸಿದ ಗಿಡಗಳು

“ಈ ಗುಡ್ಡೆಯಲ್ಲಿ ಗಿಡ ಏಳ್ಲಿಕ್ಕಿಲ್ಲ. ನೀವು ಬಿಎಸ್ಸಿ ಓದಿದ್ದು ಕಡವೆಗೆ ಗೊತ್ತುಂಟಾ?” ಎಂದವರು ಗಿಡ ನೆಡುವ ತಂಡದ ಮೇಸ್ತ್ರಿ ಲೋಕಯ್ಯಣ್ಣ. ಕೊರೊನಾ ಕಳೆದ ಮರುವರ್ಷದ ಮಳೆಗಾಲ. ನಾನು ನೆರಿಯದ ಕಾಡಂಚಿನಲ್ಲಿ ಗಸ್ತು ಅರಣ್ಯ ಪಾಲಕ, ಜನರ ಬಾಯಲ್ಲಿ ಗಾರ್ಡ್. ಶಿರ್ತಾಡಿಯಲ್ಲಿ ಬೀಡಿ ಕಟ್ಟುವ ಅಮ್ಮನ ಮಗ. ಬಿ.ಸಿ.ರೋಡಿನ ಹೋಟೆಲಿನಲ್ಲಿ ಸಪ್ಲೈ ಮಾಡುತ್ತ ಓದಿದವನು, ನಮ್ಮ ಕುಟುಂಬದ ಮೊದಲ ಪದವೀಧರ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಪ್ರೊಬೇಷನ್, ಅಂದರೆ ಕೆಲಸ ಖಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ, ಇನ್ನೂ ಮುಗಿದಿರಲಿಲ್ಲ. ನನಗೆ ವಹಿಸಿದ್ದು ಹೆಬ್ಬಲಸು, ಹೊನ್ನೆ, ನೇರಳೆ ನೆಟ್ಟ ಒಂದು ಬೋಳು ಇಳಿಜಾರು. ಅಲ್ಲಿ ಹಿಂದೆ ನೆಟ್ಟದ್ದೆಲ್ಲ ಹೋಗಿತ್ತು. ಈ ಸಲವೂ ಹೋದರೆ ನನ್ನ ಪ್ರೊಬೇಷನ್ ಮುಂದೂಡುವುದೇ ಎಂದು ವಲಯ ಅರಣ್ಯಾಧಿಕಾರಿಗಳು ಹೇಳಿಬಿಟ್ಟಿದ್ದರು.

ಕಡವೆ ಗಿಡವನ್ನು ಪೂರ್ತಿ ತಿನ್ನುವುದಿಲ್ಲ. ತುದಿಯ ಕುಡಿ ಕಚ್ಚಿಕೊಂಡು ಹೋಗುತ್ತದೆ. ಮತ್ತೆ ಚಿಗುರಿದರೆ ಮತ್ತೆ ಬರುತ್ತದೆ. ಹೀಗೆ ಕುಡಿ ಕಳೆದುಕೊಳ್ಳುತ್ತಲೇ ಇರುವ ಗಿಡ ಕುಳ್ಳಾಗಿ ಉಳಿಯುತ್ತದೆ, ಇಲ್ಲವೇ ಸಾಯುತ್ತದೆ.

ನಮ್ಮ ಕಡೆ ಯಾವುದಕ್ಕೂ ಅಡಿಕೆ ಹಾಳೆಯೇ ಮದ್ದು. ತಲೆಗೆ ಮುಟ್ಟಾಳೆ ಎಂಬ ಟೊಪ್ಪಿ ಅದರದ್ದೇ, ಊಟಕ್ಕೆ ತಟ್ಟೆಯೂ ಅದರದ್ದೇ. ಪಿಕಪ್ಪಿನಲ್ಲಿ ಹಾಳೆ ತರಿಸಿ, ಪ್ರತಿ ಗಿಡಕ್ಕೂ ಸುತ್ತಿ, ಕೋಲು ಚುಚ್ಚಿ ನಿಲ್ಲಿಸಿದೆವು. ಒಂದು ವಾರ ಚೆನ್ನಾಗಿತ್ತು. ಆಮೇಲೆ ಮಳೆಗೆ ಹಾಳೆ ನೆನೆದು ಮೆತ್ತಗಾಯಿತು. ನೆನೆದ ಹಾಳೆಯನ್ನು ದನಕ್ಕೆ ಕೊಚ್ಚಿ ಹಾಕಿಯೇ ಬೆಳೆದ ನನಗೆ ಹೊಳೆಯದ್ದು ಕಡವೆಗೆ ಹೊಳೆಯಿತು. ಹಾಳೆಯನ್ನೂ ತಿಂದವು, ಒಳಗಿನ ಕುಡಿಯನ್ನೂ ತಿಂದವು.

“ಬಟ್ಟಲು ಸಮೇತ ಬಡಿಸಿದ್ದೀರಿ ಸಾರ್. ಪಾಯಸ ಒಂದು ಬಾಕಿ ಮಾರಾಯ್ರೆ,” ಎಂದರು ಲೋಕಯ್ಯಣ್ಣ. ಅವರ ತಂಡ ಬೇರೆ ಕಡೆಯ ಕೆಲಸಕ್ಕೆ ಹೊರಟುಹೋಯಿತು.

ಅಲ್ಲಿಂದ ಮೇಲೆ ನೆಡುತೋಪಿನ ಕಾವಲು ಶೆಡ್ಡಿನಲ್ಲಿ ನಾನು ಒಬ್ಬನೇ. ಫೋನಿಗೆ ಸಿಗ್ನಲ್ ಬೇಕಾದರೆ ಬಂಡೆ ಹತ್ತಬೇಕು. ಮಳೆಯಲ್ಲಿ ಅದು ಜಾರುತ್ತಿತ್ತು. ಒಂದು ಮಾತೂ ಆಡದೆ ದಿನಗಳು ಹೋಗುತ್ತಿದ್ದವು. ಗಂಜಿ ಬೇಯಿಸುವಾಗ ಸುಮ್ಮನೆ ಗಂಟಲು ಕೆರೆದು, ಸ್ವರ ಉಂಟೋ ಇಲ್ಲವೋ ಎಂದು ನೋಡುತ್ತಿದ್ದೆ. ಸಂಜೆ ಒಂದು ಹೆಣ್ಣು ಕಡವೆ ಇಳಿಜಾರಿನ ಮೇಲೆ ಬಂದು ನಿಂತು ನನ್ನನ್ನೇ ನೋಡುತ್ತಿತ್ತು. ಇಡೀ ದಿನದಲ್ಲಿ ನನ್ನ ಕಡೆ ಬರುತ್ತಿದ್ದದ್ದು ಅದೊಂದೇ ಜೀವ. ಅದನ್ನು ಓಡಿಸುವುದು ನನ್ನ ಕೆಲಸ.

ಹಾಗೆ ಓಡಿಸುತ್ತ ಒಂದು ಸಂಜೆ ಕೆಳಗಿನ ಅಂಚಿಗೆ ಹೋದೆ. ಅಲ್ಲಿ ಆಳುಗಳು ಕಾರೆಮುಳ್ಳಿನ ಬಲ್ಲೆಯನ್ನು, ಅಂದರೆ ದಟ್ಟ ಪೊದೆಯನ್ನು, ಕಡಿದು ಸವರದೆ ಬಿಟ್ಟಿದ್ದರು. ಅದರೊಳಗೆ ನೆಟ್ಟ ಗಿಡಗಳ ಕುಡಿ ಹಾಗೆಯೇ ಇತ್ತು. ಮೇಲಿನವರು ನೋಡಲು ಬಂದಾಗ ನೆಡುತೋಪು ಚೊಕ್ಕವಾಗಿ ಕಾಣಬೇಕೆಂದು ನಾವು ಪೊದೆಯನ್ನೆಲ್ಲ ಬೋಳಿಸುತ್ತಿದ್ದೆವು. ಗಿಡ ಎಲ್ಲಿದೆಯೆಂದು ಕಡವೆಗೆ ತೋರಿಸಿಕೊಟ್ಟವರು ನಾವೇ.

ಸತ್ತ ಗಿಡಗಳ ಜಾಗಕ್ಕೆ ಹೊಸದು ನೆಡುವಾಗ, ಬುಡದ ಸುತ್ತ ಒಂದು ಮೊಳ ಮಾತ್ರ ಸವರಿ, ಉಳಿದ ಪೊದೆಯನ್ನು ಬೆಳೆಯಲು ಬಿಡಬಹುದೇ ಎಂದು ವಲಯ ಅರಣ್ಯಾಧಿಕಾರಿಗಳಲ್ಲಿ ಕೇಳಿದೆ.

“ಮೇಲಿನವರು ಬಂದು, ಇದೇನು ಕಾಡು ಬಂದಿದೆ ಅಂತ ಕೇಳಿದರೆ?”

“ಕಾಡು ಬರ್ಲಿಕ್ಕೇ ನೆಟ್ಟದ್ದಲ್ವಾ ಸರ್?”

ಅವರು ನಗಲಿಲ್ಲ. “ಮಾಡಿ. ಹೋದರೆ ವರದಿಯಲ್ಲಿ ನಿಮ್ಮ ಹೆಸರೇ ಇರ್ತದೆ.”

ಮತ್ತೆರಡು ಮಳೆಗಾಲ ಅಲ್ಲಿದ್ದೆ. ಸವರುವ ಕೆಲಸವಿಲ್ಲದ ಮೇಲೆ ಆಳುಗಳೂ ಬರಲಿಲ್ಲ. ಪೊದೆಯಲ್ಲಿ ಗಿಡ ಕಾಣದೆ, ಇದೆಯೋ ಸತ್ತಿದೆಯೋ ಎಂದು ಮುಳ್ಳಿನೊಳಗೆ ಕೈ ಹಾಕಿ ತಡವಿ ನೋಡುತ್ತಿದ್ದೆ. ಕೊನೆಗೆ ಪರಿಶೀಲನೆಗೆ ಬಂದವರು ಮುಳ್ಳು ಸರಿಸಿ ನೋಡುವಾಗ ಮುಕ್ಕಾಲು ಪಾಲು ಗಿಡ ಎದೆಮಟ್ಟಕ್ಕೆ ಬಂದಿತ್ತು. ನನ್ನ ಪ್ರೊಬೇಷನ್ ಮುಗಿಯಿತು. ಕಾಡಿನಲ್ಲಿ ಏನು ಮಾಡಬೇಕೆಂದು ಯೋಚಿಸುವ ಮೊದಲು, ಯಾವುದನ್ನು ಮಾಡದೆ ಬಿಡಬಹುದೆಂದು ನೋಡಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು.

ಆ ವರ್ಷದ ವನಮಹೋತ್ಸವದಲ್ಲಿ ಬೆಳ್ತಂಗಡಿಯಲ್ಲಿ ನನ್ನನ್ನು ವೇದಿಕೆಗೆ ಕರೆದು ಪ್ರಮಾಣಪತ್ರ ಕೊಟ್ಟರು. ಅಮ್ಮ ಎರಡು ಬಸ್ಸು ಬದಲಿಸಿ ಬಂದಿದ್ದರು. ಅವರಿಗೆ ಓದು ಬರುವುದಿಲ್ಲ. ನಾನು ಇಳಿದು ಬಂದು ಪತ್ರ ಕೈಗೆ ಕೊಟ್ಟೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಹಿಡಿದರು. ತುಂಬ ಹೊತ್ತು ನೋಡಿ, ತುಳುವಿನಲ್ಲಿ ಮೆಲ್ಲನೆ ಕೇಳಿದರು:

“ನೀನು ಅಲ್ಲಿ ಒಬ್ಬನೇ ಇದ್ದದ್ದು ಇದರಲ್ಲಿ ಬರೆದಿದ್ದಾರಾ, ಮಗಾ?”