ಎರಡಡಿ ಕಡಿಮೆ

ನಿಮಗೆ ಯಾರಾದರೂ ಒಂಬತ್ತು ದಿನ, ದಿನಾಲೂ ಎರಡೇ ಅಡಿ ಸುಳ್ಳು ಹೇಳಿದ್ದಾರೆಯೇ? ನನಗೆ ಹೇಳಿದ್ದಾರೆ. ತಾರೀಖು ಸಮೇತ ಡೈರಿಯಲ್ಲಿದೆ.

ಹೋದ ತಿಂಗಳ ಮಾತು. ಗೋಕಾಕದ ಮೇಲ್ಗಡೆಯ ಹಿನ್ನೀರಿನಲ್ಲಿ ಎಷ್ಟು ಹೂಳು ತುಂಬಿದೆ ಎಂದು ಅಳೆಯುವ ಹಂಗಾಮಿ ಕೆಲಸ ನನ್ನದು. ಅದಕ್ಕೆಂದು ಪುಣೆಯಿಂದ ಒಂದು ಯಂತ್ರ ಬಂದಿತ್ತು. ದೋಣಿಯ ತಳಕ್ಕೆ ಕಟ್ಟಿದ ತಟ್ಟೆಯಿಂದ ಅದು ನೀರಿನೊಳಕ್ಕೆ ಸದ್ದು ಬಿಡುತ್ತದೆ. ಸದ್ದು ತಳ ಮುಟ್ಟಿ ಮರಳಿದರೆ ಡಯಲ್ಲಿನ ಮುಳ್ಳು ಆಳ ತೋರಿಸುತ್ತದೆ. ಎಂಜಿನ್ನಿನ ಗದ್ದಲ ಅದಕ್ಕಾಗದು. ಹಾಗಾಗಿ ಅಂಬಿಗ ಯಲ್ಲಪ್ಪ ಕಾಕಾನ ಸಣ್ಣ ದೋಣಿಗೆ ಹಾಯಿ ಕಟ್ಟಿಸಿದ್ದರು.

ಯಂತ್ರವನ್ನು ನಂಬುವ ಮೊದಲು ಪರೀಕ್ಷಿಸಬೇಕಲ್ಲ? ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಬ್ಬಿಣದ ಗುಂಡು ಕಟ್ಟಿ ಕಾಕಾ ಇಳಿಬಿಡುತ್ತಿದ್ದ. ಗಂಟು ಎಣಿಸಿ ಕೂಗುತ್ತಿದ್ದ. ನಾನು ಅವನಿಗೆ ಬೆನ್ನು ಮಾಡಿ ಕೂತು (ಖರೆ ಹೇಳಬೇಕೆಂದರೆ, ನೀರು ನೋಡಲಾರದೆ) ಮುಳ್ಳಿನ ಅಂಕಿಯನ್ನೂ ಅವನ ಅಂಕಿಯನ್ನೂ ಬರೆಯುತ್ತಿದ್ದೆ. ಅಳೆದ ಜಾಗ ನಲವತ್ತೆರಡು. ಇಪ್ಪತ್ತೇಳರಲ್ಲಿ ತಾಳೆ. ಉಳಿದ ಹದಿನೈದೂ ಹತ್ತಡಿಗಿಂತ ಆಳದವು. ಅಲ್ಲೆಲ್ಲ ಯಂತ್ರ ಎರಡಡಿ ಹೆಚ್ಚು!

“ಶನಿವಾರದೊಳಗೆ ಸರಿ ಆಗದಿದ್ರ ಮಿಷಿನ್ ವಾಪಸ್,” ಎಂದರು ನಮ್ಮ ಆಫೀಸಿನ ಸಾಹೇಬರು. (ಅದರ ಹಿಂದೆ ನಾನೂ ವಾಪಸ್, ನನ್ನೂರು ಮೂಡಲಗಿಗೆ.)

ಬ್ಯಾಟರಿ ಚಾರ್ಜು ಮಾಡಿಸಿದೆ. ತಂತಿಯ ತುದಿ ಕೆರೆದೆ. ತಟ್ಟೆಗೆ ಮೆತ್ತಿದ ಪಾಚಿ ಒರೆಸಿದೆ. ಹಗ್ಗ ತೋಯಿಸಿ ಗಂಟುಗಳ ಅಂತರ ಮತ್ತೆ ಅಳೆದೆ. ಆ ಎರಡಡಿ ಕದಲಲಿಲ್ಲ.

ಡೈರಿಯಲ್ಲಿ ಇನ್ನೊಂದು ಲೆಕ್ಕವೂ ಇದೆ: ದಿನಕ್ಕೆ ಎಷ್ಟು ಜನರೊಡನೆ ಮಾತಾಡಿದೆ? ಸೋಮವಾರ ಇಬ್ಬರು (ಕಾಕಾ, ಚಹಾದಂಗಡಿಯವ). ಮಂಗಳವಾರ ಒಬ್ಬ. ಬಾಡಿಗೆ ಖೋಲಿಯಲ್ಲಿ ಕೆಮ್ಮಿದರೆ ‘ಯಾಕೋ?’ ಎನ್ನುವವರಿಲ್ಲ.

ಶುಕ್ರವಾರ ಕುಡಗೋಲು ತಾಗಿ ಕಾಕಾನ ಅಂಗೈ ಕೊಯ್ದಿತ್ತು. ಹಗ್ಗ ನಾನೇ ಇಳಿಬಿಟ್ಟೆ. ಹದಿನೇಳು ಗಂಟು. ತಿರುಗಿ ನೋಡಿದೆ. ಮುಳ್ಳೂ ಹದಿನೇಳು! ಇದೇ ಜಾಗದಲ್ಲಿ ಕಾಕಾ ಕೂಗಿದ್ದು ಹದಿನೈದು.

“ಕಾಕಾ, ಹದಿನೇಳ ಅದಾವಲ್ಲ?”

ಕಾಕಾ ಹಾಯಿಯ ಕಡೆ ನೋಡಿದ. “ಅದಾವ್ರಿ.”

“ಮತ್ತ ಹದಿನೈದ ಅಂತ ಯಾಕ ಕೂಗಿದ್ರಿ?”

“ಮೊದಲನೇ ದಿನ ಎಷ್ಟ ಆಳ ಐತಿ ಅಂತ ಕೇಳಿದ್ರಿ. ಖರೆ ಹೇಳಿದ್ನಿ. ನಿಮ್ಮ ಮಾರಿ ಸುಣ್ಣ ಹಚ್ಚಿದಂಗ ಆತು. ಈಜಾಕ ಬರೂದಿಲ್ಲ ಅಂತ ಆಗ ಗೊತ್ತಾತು. ಅವತ್ತಿಂದ ಆಳ ಇದ್ದಲ್ಲೆಲ್ಲ ಎರಡ ಫೂಟ ಬಿಟ್ಟ ಹೇಳಾಕತ್ತೇನಿ.”

“ಅದಕ್ಕ ನಾ ಮಿಷಿನ್ ಬಿಚ್ಚಿದ್ನೆಲ್ಲ!”

“ಇಷ್ಟ ದೊಡ್ಡ ಮಿಷಿನ್ನಿಗೆ ನನ್ನ ಹಗ್ಗದ ಮಾತ ಬೇಕಂತ ನನಗೇನ ಗೊತ್ರಿ?”

“ಹದಿನೈದ ಫೂಟಿನ್ಯಾಗೂ ನಾ ಮುಳಗತೇನಿ, ಕಾಕಾ.”

“ಮುಳಗೂದು ಅಷ್ಟ ಇರ್ತೈತಿ ಸಾಹೇಬ್ರ. ಅಂಜೂದು ಎರಡ ಫೂಟ ಕಡಿಮಿ ಆಗೂದಿಲ್ಲೇನು?”

ಆ ದಿನವೇ ವರದಿ ಬರೆದೆ: ‘ಯಂತ್ರ ಸರಿಯಿದೆ. ಗಂಟಿನ ಎಣಿಕೆ ತಪ್ಪಿತ್ತು. ತಪ್ಪು ನನ್ನದು.’ (ನಾನು ಬರೆದ ಸುಳ್ಳು ಇದೊಂದೇ.) ಬೈಸಿಕೊಂಡೆ. ನೌಕರಿ ಉಳಿಯಿತು. ಅಳತೆ ಮುಗಿದ ಮೇಲೆ ಹುಕ್ಕೇರಿಯ ಆಫೀಸಿಗೆ ಹಾಕಿದರು.

ಇಲ್ಲಿ ನನ್ನನ್ನು ಬಿಟ್ಟು ಹನ್ನೊಂದು ಜನ. ದಿನವಿಡೀ ನಕಾಶೆಯಲ್ಲಿ ಆಳದ ಅಂಕಿ ತುಂಬುತ್ತೇವೆ. ಏನು ಕೇಳಿದರೂ ತಲೆಯೆತ್ತದೆ ಸರಿಯಾದ ಅಂಕಿಯನ್ನೇ ಹೇಳುತ್ತಾರೆ. ಡೈರಿಯ ಲೆಕ್ಕ ಒಂದರಿಂದ ಹನ್ನೊಂದಕ್ಕೆ ಏರಿದೆ.

ಆದರೆ ಈ ಹನ್ನೊಂದರಲ್ಲಿ, ನನ್ನ ಮುಖ ನೋಡಿ ಎರಡಡಿ ಕಡಿಮೆ ಹೇಳುವವರು ಯಾರು?