ಪಾರ್ಕಿನ ಗೇಟಿನೆದುರು ಒಡೆದ ಬಳೆ

“ಡಿಗ್ರಿಯಾ? ಇದ್ಕಾ? ಆಗೋ ಮಾತಲ್ಲ ಬಿಡು ತಂಗಿ. ಅದ್ಕೂ ಮೊದ್ಲು ಹಸಿರು ಬಳೆಗೆ ಕೈ ಚಾಚ್ಕಂಡು ನನ್ನೆದುರೇ ಕೂತಿರ್ತದೆ.”

ಹೀಗೆ ಹೇಳಿದವರು ಕುಮಟೆಯ ಹಳೇ ಪಾರ್ಕಿನೆದುರು ಅಂಗಡಿ ಇಟ್ಟುಕೊಂಡಿದ್ದ ಬಳೆಗಾರಣ್ಣ. ಹೇಳಿದ್ದು ನನ್ನ ಹೆತ್ತ ಆಯಿಗೆ. ಆದರೆ ನನಗೆ ಕೇಳಲಿ ಎಂದೇ ದನಿ ಎತ್ತಿ ಹೇಳಿದ್ದು. ಮೊನ್ನೆ ಅದೇ ಪಾರ್ಕಿನೆದುರು ಒಂದು ಝೆರಾಕ್ಸ್ ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದೆ. ಹಳೇ ಸಿಮೆಂಟ್ ನೆಲದ ಬಿರುಕಿನಲ್ಲಿ ಹಸಿರು ಗಾಜಿನ ಚೂರೊಂದು ಮಿನುಗಿತು, ಅಕ್ಕಿಕಾಳಿನಷ್ಟು... ಆ ದನಿ ಮತ್ತೆ ಕಿವಿಗೆ ಬಂತು. ಬಳೆ ಅಂಗಡಿ ಇದ್ದದ್ದು ಅದೇ ಜಾಗದಲ್ಲಿ.

ನಮ್ಮ ಮನೆ ಹೊಳೆದಂಡೆಯ ಅಘನಾಶಿನಿ ಊರಿನಲ್ಲಿ. ಆಯಿ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ಬುಟ್ಟಿ ಹೊತ್ತು ಕುಮಟೆ ಪೇಟೆಗೆ ಬರುತ್ತಿದ್ದಳು. ಅಪ್ಪ ದೋಣಿಯ ಮೇಲೆ ಕೂಲಿ. ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಗೇಟು ದಾಟಿದವರು ಯಾರೂ ಇರಲಿಲ್ಲ. ಕ್ಲಾಸು ಮುಗಿದ ಮೇಲೆ ಆಯಿಯ ಬುಟ್ಟಿ ಖಾಲಿಯಾಗುವ ತನಕ ನಾನು ಪಾರ್ಕಿನಲ್ಲಿ ಕೂತು ಓದುತ್ತಿದ್ದೆ. ಬೊಂಬಾಯಿ ಸರಕಾರದ ಕಾಲದ ಪಾರ್ಕು ಅದು. ಕಬ್ಬಿಣದ ಗೇಟು, ನೀರು ಬತ್ತಿದ ಕಲ್ಲಿನ ಕಾರಂಜಿ, ಒಂದು ಕಾಲಕ್ಕೆ ಊರಿಗೆಲ್ಲ ವಾರ್ತೆ ಕೇಳಿಸುತ್ತಿದ್ದ ರೇಡಿಯೋ ಮನೆ. ಸುತ್ತಲೂ ಪೇಟೆ... ಜವಳಿ ಅಂಗಡಿ, ಪಾತ್ರೆ ಅಂಗಡಿ, ದರ್ಜಿಗಳ ಮಿಷನ್ನಿನ ಸದ್ದು, ಗೇಟಿನ ಬುಡದಲ್ಲಿ ಭಟ್ಕಳ ಮಲ್ಲಿಗೆ ಮಾರುವ ಹೂವಿನಮ್ಮ.

ನನ್ನ ಬೆಂಚು ಬಳೆ ಅಂಗಡಿಗೆ ನೇರ ಎದುರು. ಗಿರಾಕಿ ಇಲ್ಲದಾಗ ಬಳೆಗಾರಣ್ಣನಿಗೆ ನಾನೇ ಬೇಕು.

“ಎಂತದೇ ಕಲೆಕ್ಟರಮ್ಮ, ಓದ್ತಿದ್ಯಾ, ಪುಸ್ತಕ ಅಡ್ಡ ಹಿಡ್ಕಂಡು ನಿದ್ದೆಯಾ?”

“ಪಾಸಾದ್ ದಿನ ಸರ್ಟಿಫಿಕೇಟ್ ತಂದು ನಿಮ್ಮ ಮುಖಕ್ಕೇ ಹಿಡಿತೆ, ನೋಡ್ತಾ ಇರಿ.”

“ಹಿಡಿ, ಹಿಡಿ. ನಾನು ಕನ್ನಡಕ ಹಾಕ್ಕಂಡೇ ಕೂತಿರ್ತೆ.”

ಮಳೆ ಬಂದರೆ ಅಂಗಡಿಯ ಜಗಲಿಗೆ ಕರೆದು ಕೂರಿಸಿ, ತಲೆ ಮೇಲಿನ ಬಲ್ಬು ಹಾಕುತ್ತಿದ್ದರು. “ನಿಂಗಲ್ಲ, ಗಿರಾಕಿಗೆ” ಎನ್ನುತ್ತಿದ್ದರು. ಆ ಮಳೆಗೆ ಯಾವ ಗಿರಾಕಿಯೂ ಬರುತ್ತಿರಲಿಲ್ಲ.

ಅವರ ಕೈಗೆ ಪೇಟೆಯಲ್ಲಿ ಹೆಸರಿತ್ತು. ಎಂಥ ಗಡಸು ಕೈಯನ್ನೂ ಹಿತವಾಗಿ ಹಿಂಡಿ, ಮಾತಿಗೆಳೆದು ನಗಿಸಿ, ಬಳೆಯನ್ನು ಗೊತ್ತಾಗದ ಹಾಗೆ ಏರಿಸಿಬಿಡುತ್ತಿದ್ದರು. ಮದುಮಗಳ ಕೈ ಮೇಲೆ ಅವರು ಬಳೆ ಒಡೆದದ್ದೇ ಇಲ್ಲ ಎಂದು ಹೊನ್ನಾವರದ ಮದುವೆ ಮನೆಯವರೂ ಹುಡುಕಿಕೊಂಡು ಬರುತ್ತಿದ್ದರು.

ಕಡೇ ವರ್ಷ ಶುರುವಾದಾಗ ಭಟ್ಕಳದ ಹತ್ತಿರದ ಬೆಳಕೆಯಿಂದ ಒಂದು ಸಂಬಂಧ ಬಂತು. ಹೆಣ್ಣು ನೋಡಿದ್ದು ಪಾರ್ಕಿನಲ್ಲೇ. ಮನೆಗೆ ಕರೆದರೆ ಕೂರಿಸಲಿಕ್ಕೆ ಕುರ್ಚಿ ಇಲ್ಲ, ಪಾರ್ಕಿನಲ್ಲಾದರೆ ಬೆಂಚಾದರೂ ಉಂಟು ಎಂದು ಅಪ್ಪನ ಲೆಕ್ಕ. ಹುಡುಗನ ಸೋದರತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಓದಿದ್ದು ಸಾಕು. ಇನ್ನೂ ಓದಿದ್ರೆ ನಮ್ ಮಾತು ಕೇಳೂದಿಲ್ಲ” ಎಂದಳು. ಪರೀಕ್ಷೆಯೊಂದು ಮುಗಿಯಲಿ ಎಂದು ನಾನು ಅತ್ತು ಕೇಳಿಕೊಂಡದ್ದು ಅಪ್ಪನ ಕಿವಿಗೆ ಬೀಳಲಿಲ್ಲ. ಆಯಿ ನೆಲ ನೋಡುತ್ತ ಕೂತಿದ್ದಳು.

ನಮ್ಮಲ್ಲಿ ಮಾತು ಆದ ಮೇಲೆ ಗಂಡಿನ ಕಡೆಯವರು ಹುಡುಗಿಗೆ ಹಸಿರು ಬಳೆ ತೊಡಿಸುತ್ತಾರೆ. ತೊಟ್ಟರೆ ಮುಗಿಯಿತು, ಆಮೇಲೆ ಹಿಂದೆ ಸರಿಯುವ ಹಾಗಿಲ್ಲ. ರಸ್ತೆ ದಾಟಿದರೆ ಬಳೆ ಅಂಗಡಿ. ಆ ಸೋದರತ್ತೆ ಕೈ ಹಿಡಿದು ಕರೆದುಕೊಂಡು ಹೋಗಿ ನನ್ನನ್ನು ಕೂರಿಸಿದಳು.

“ಎಂತ ಆತು ಕಲೆಕ್ಟರಮ್ಮ?”

“ನೀವು ಹೇಳಿದ್ದೇ ಆತು.”

ಅವರು ನಗಲಿಲ್ಲ. ನನ್ನ ಕೈ ಹಿಡಿದು ಹಿಂಡತೊಡಗಿದರು. ಯಾವಾಗಲೂ ಗಿರಾಕಿಯ ಮುಖ ನೋಡಿ ಮಾತಾಡುವವರು ಅವತ್ತು ಕೈಯನ್ನಷ್ಟೇ ನೋಡುತ್ತಿದ್ದರು. ಎರಡು ಬಳೆ ಏರಿದವು. ಮೂರನೆಯದು ಹೆಬ್ಬೆರಳಿನ ಗೆಣ್ಣು ದಾಟುವಾಗ ಚಟ್ ಎಂದಿತು. ಚೂರು ಮಣಿಕಟ್ಟನ್ನು ಸೀಳಿ ರಕ್ತ ಇಳಿಯಿತು.

“ಒಡೀತು!” ಎಂದು ಅತ್ತೆ ಎದ್ದೇಬಿಟ್ಟಳು. ಬಳೆ ಒಡೆದರೂ ನಮ್ಮಲ್ಲಿ ಹೆಂಗಸರು ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಆಕೆ ಪೇಟೆಗೆಲ್ಲ ಕೇಳುವ ಹಾಗೆ ಹೇಳಿದಳು. ಬಳೆಗಾರಣ್ಣ ತಲೆ ತಗ್ಗಿಸಿ, “ಹುಡ್ಗಿದೇನೂ ತಪ್ಪಿಲ್ಲ ಅಮ್ಮ. ನನ್ನ ಕೈಯೇ ತಪ್ಪಿತು” ಎಂದರು. ಕೇಳಲಿಕ್ಕೆ ಗಂಡಿನ ಕಡೆಯವರು ನಿಲ್ಲಲಿಲ್ಲ. ವಾರದೊಳಗೆ ಬೆಳಕೆಯಿಂದ ಸುದ್ದಿ ಬಂತು, ಈ ಸಂಬಂಧ ಬೇಡವಂತೆ.

ನನ್ನ ಓದು ಉಳಿಯಿತು. ಅವರ ಹೆಸರು ಉಳಿಯಲಿಲ್ಲ. ಮದುಮಗಳ ಕೈಯಲ್ಲಿ ಬಳೆ ಒಡೆದ ಬಳೆಗಾರ ಎಂದು ಪೇಟೆಯಲ್ಲಿ ಮಾತಾಯಿತು. ಮದುವೆ ಜನ ದೂರದ ಅಂಗಡಿಗಳಿಗೆ ಹೋಗತೊಡಗಿದರು. “ಆ ಬದಿಗೆ ಮುಖ ಹಾಕಿದ್ರೆ ಕಾಲು ಮುರಿತೆ” ಎಂದು ಅಪ್ಪ ಹೇಳಿದ ಮೇಲೆ ನಾನು ರೇಡಿಯೋ ಮನೆಯ ಹಿಂದಿನ ಬೆಂಚಿಗೆ ಹೋದೆ. ಅಲ್ಲಿಂದ ಬಳೆ ಅಂಗಡಿ ಕಾಣುವುದಿಲ್ಲ. ಅಲ್ಲಿಗೆ ಅವರ ದನಿಯೂ ಬರಲಿಲ್ಲ.

ಬೇಕೆಂದೇ ಒಡೆದರೋ, ವಯಸ್ಸಾದ ಕೈ ನಡುಗಿತೋ, ನಾನೇ ಹೆದರಿ ಕೈ ಬಿಗಿ ಹಿಡಿದಿದ್ದೆನೋ...

ರಿಸಲ್ಟ್ ಬಂದ ದಿನ ಅಪ್ಪನ ಮಾತು ಲೆಕ್ಕಕ್ಕಿಡದೆ ಕಾಲೇಜಿನಿಂದ ಓಡುತ್ತಲೇ ಬಂದೆ. ಅಂಗಡಿಗೆ ಬೀಗ. ಹೂವಿನಮ್ಮ ಮಾಲೆ ಕಟ್ಟುತ್ತ ಹೇಳಿದಳು: “ಹೆಬಳೆಗೆ ಹೋದ್ರು ಮಗಾ, ತಮ್ಮನ ಮನೆಗೆ. ಮದುವೆ ಜನ ಬರೂದು ನಿಂತ್ಮೇಲೆ ಬಳೆಗಾರ ಇಲ್ಲಿ ಕೂತು ಎಂತ ಮಾಡೂದು?”

ಸರ್ಟಿಫಿಕೇಟ್ ಬರಲಿ, ಕೊಟ್ಟ ಮಾತಿನಂತೆ ಅದನ್ನೇ ಹಿಡಿದುಕೊಂಡು ಹೆಬಳೆಗೆ ಹೋಗೋಣ ಎಂದುಕೊಂಡೆ. ಧಾರವಾಡದ ಯೂನಿವರ್ಸಿಟಿಯಿಂದ ಅದು ಬರುವಷ್ಟರಲ್ಲಿ ವರ್ಷ ಕಳೆದಿತ್ತು. ಅದಕ್ಕೂ ಮೊದಲೇ ಹೂವಿನಮ್ಮನ ಬಾಯಿಂದ ಇನ್ನೊಂದು ಸುದ್ದಿ ಬಂದಿತ್ತು. ಬಳೆಗಾರಣ್ಣ ತೀರಿಹೋಗಿದ್ದರು.

ನಾನು ಓದಿದ್ದಕ್ಕೆ ನನಗೆ ಹೆಮ್ಮೆ ಇದೆ, ಅದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ. ಹೊನ್ನಾವರದಲ್ಲಿ ಸರಕಾರಿ ಕೆಲಸ ಹಿಡಿದೆ, ತಂಗಿಯನ್ನು ಓದಿಸಿದೆ, ಆಯಿಯನ್ನು ಹೊಳೆಯಿಂದ ಮೇಲೆ ಹತ್ತಿಸಿದೆ. ಪುಣ್ಯಕ್ಕೆ ಬಂದದ್ದಲ್ಲ, ಬೆಂಚಿನ ಮೇಲೆ ಬೆನ್ನು ನೋಯಿಸಿಕೊಂಡು ಗಳಿಸಿದ್ದು. ಆದರೆ ಆ ಸರ್ಟಿಫಿಕೇಟಿನ ಮುಂದೆ ಕೂತಾಗೆಲ್ಲ ಮಣಿಕಟ್ಟಿನಲ್ಲಿ ಬಳೆಯ ಗಾಯ ಉಳಿಸಿದ ಬಿಳೀ ಗೆರೆಯತ್ತ ಕಣ್ಣು ಹೋಗುತ್ತದೆ.

ಮೊನ್ನೆ ಕುಮಟೆಗೆ ಹೋದದ್ದು ಕಚೇರಿಯ ಕೆಲಸಕ್ಕೆ, ಸರ್ಟಿಫಿಕೇಟಿನ ಪ್ರತಿ ಬೇಕಿತ್ತು. ಪಾರ್ಕಿಗೆ ಈಗ ಬಣ್ಣದ ಟೈಲ್ಸ್, ಪ್ಲಾಸ್ಟಿಕ್ ಜಿರಾಫೆ. ರೇಡಿಯೋ ಮನೆಯಲ್ಲಿ ಪೊರಕೆ ಇಟ್ಟಿದ್ದಾರೆ. ಹೂವಿನಮ್ಮನ ಜಾಗದಲ್ಲಿ ಮೊಬೈಲ್ ಕವರಿನ ಗಾಡಿ. ಝೆರಾಕ್ಸ್ ಅಂಗಡಿಯಲ್ಲಿ ನನ್ನದೇ ವಯಸ್ಸಿನ ಒಬ್ಬ ಹೆಂಗಸು.

“ಇಲ್ಲಿ ಮೊದಲು ಬಳೆ ಅಂಗಡಿ ಇತ್ತಲ್ಲ?” ಎಂದೆ.

“ನಮ್ಮಪ್ಪಂದೇ. ಸುಮಾರು ವರ್ಷ ಬೀಗ ಹಾಕೇ ಇತ್ತು. ಆಮೇಲೆ ನಾನು ತೆಗ್ದೆ.”

ಎದುರಿನ ಬೆಂಚಿನತ್ತ ಕೈ ತೋರಿಸಿದೆ. “ನಾನು ಅಲ್ಲಿ ಕೂತು ಓದ್ತಿದ್ದೆ.”

ಆಕೆ ನನ್ನ ಮಣಿಕಟ್ಟು ನೋಡಿದಳು. “ಕಲೆಕ್ಟರಮ್ಮ?”

ನಾನು ತಲೆಯಾಡಿಸಿ ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮಿಷನ್ನಿಗೆ ಇಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ನಿಂತಳು.

“ಅವತ್ತು ಬೇಕೆಂದೇ ಒಡೆದರಾ?” ಎಂದು ಕೇಳಿಯೇಬಿಟ್ಟೆ.

“ನಾನೂ ಕೇಳಿದ್ದೆ. ಹೇಳ್ಲಿಲ್ಲ. ಹೆಬಳೆಗೆ ಕುಮಟೆ ಬದಿಯಿಂದ ಯಾರೇ ಬಂದ್ರೂ ಅಪ್ಪಂಗೆ ಇದೊಂದೇ ಮಾತು, ಕಲೆಕ್ಟರಮ್ಮ ಪಾಸಾತಾ ಅಂತ. ಯಾರಿಗೂ ಗೊತ್ತಿರ್ಲಿಲ್ಲ. ಕೇಳೂಕೆ ಮೊದ್ಲು ಹುಡುಕಿ ಕನ್ನಡಕ ಹಾಕ್ಕಳ್ತಿದ್ರು ಅಕ್ಕಾ... ಅದು ಎಂತಕ್ಕೆ ಅಂತ ನಂಗೆ ಇವತ್ತಿಗೂ ಗೊತ್ತಾಗ್ಲಿಲ್ಲ.”