ಹೆಗ್ಗದ್ದೆಯಲ್ಲಿ ಸಂಜೆಯಾದರೆ ನಿಲ್ಲುತ್ತಿದ್ದ ಪಂಪು

ಕೊರೋನಾ ಕಳೆದ ಮರುವರ್ಷದ ಮಾರ್ಚ್ ತಿಂಗಳು. ಸಕಲೇಶಪುರದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಓದಿದ್ದು ಏಳನೇ ಕ್ಲಾಸು. ಆದರೆ ನಾನು ಕಟ್ಟಿದ ಸ್ಟಾರ್ಟರ್ ಪೆಟ್ಟಿಗೆಗಳು ವನಗೂರಿನ ತೋಟಗಳಲ್ಲಿ ಇವತ್ತಿಗೂ ಓಡುತ್ತಿವೆ. ಆ ವರ್ಷ ಹಾಸನದ ಎಂಜಿನಿಯರ್ ಸುಮಾ ಅವರ ಜೊತೆ ಸೇರಿ ಪಂಪುಗಳಿಗೆ ಲಿನಕ್ಸ್ ಬೋರ್ಡ್, ಅಂದರೆ ಅಂಗೈಯಗಲದ ಕಂಪ್ಯೂಟರ್, ಕೂರಿಸುವ ಕೆಲಸ ಹಿಡಿದಿದ್ದೆ. ಪ್ರೋಗ್ರಾಮ್ ಅವರದು, ಜೋಡಣೆ ನನ್ನದು.

ಮೊದಲ ಬೋರ್ಡ್ ಹೋದದ್ದು ಹೆಗ್ಗದ್ದೆಯ ಪಾರ್ವತಕ್ಕನ ತೋಟಕ್ಕೆ. ಕೆರೆಯ ಪಂಪಿನ ಹತ್ತಿರ ಬೋರ್ಡ್, ಮನೆಯ ಜಗಲಿಯಲ್ಲಿ ಕೆಂಪು ಸ್ಟಾಪ್ ಬಟನ್. ನಡುವಿನ ವೈರನ್ನು ಅಕ್ಕ ಆಳುಗಳಿಂದಲೇ ಎಳೆಸಿದ್ದರು.

ಕಾಫಿ ಮೊಗ್ಗು ಬಲಿತಿತ್ತು. ಹೂವಿಗೆ ನೀರು ಪೂರ್ತಿ ಬೀಳಬೇಕು. ಅರೆಬರೆ ಬಿದ್ದರೆ ಮೊಗ್ಗು ಅಲ್ಲೇ ಕಮರಿ ಆ ವರ್ಷದ ಫಸಲೇ ಹೋಗುತ್ತದೆ. ಕೆರೆ ಅಕ್ಕನದೂ ಪಕ್ಕದ ತೋಟದವರದೂ, ನೀರಿಗೆ ಸರದಿ. ಅಕ್ಕನ ಸರದಿಯ ಮೊದಲ ರಾತ್ರಿ ಪಂಪು ನಿಂತು ವ್ಯರ್ಥವಾಗಿತ್ತು. ಉಳಿದದ್ದು ಇನ್ನೊಂದೇ ರಾತ್ರಿ.

"ಅಲ್ಲ ಕಣೋ ರುದ್ರೇಶ, ಹಗಲೆಲ್ಲ ಓಡ್ತೈತೆ, ದೀಪ ಹಚ್ಚೋ ಹೊತ್ತಿಗೆ ನಿಂತ್ಕಂಬುಡ್ತೈತೆ. ನಿನ್ ಪಂಪಿಗೇನು ಸಂಜೆ ಮೇಲೆ ಕೆಲ್ಸ ಮಾಡಲ್ಲ ಅಂತ ಯೂನಿಯನ್ ಐತಾ?"

ಫೋನಿನಲ್ಲಿ ಅಕ್ಕ ಹೀಗೆಂದದ್ದೇ ತಡ, ಬೈಕ್ ಹತ್ತಿ ಹೋದೆ. ಬಟನ್ ಕೆಟ್ಟಿರಬೇಕೆಂದು ಬದಲಿಸಿದೆ, ಪಂಪು ಓಡಿತು. ಕತ್ತಲಾಗುತ್ತಿದ್ದಂತೆ ಮತ್ತೆ ನಿಂತಿತು. ಜಗಲಿಯಲ್ಲಿ ನಿಂತೇ ಸುಮಾ ಅವರಿಗೆ ಫೋನ್ ಮಾಡಿದೆ.

ಇಲ್ಲೊಂದು ಮಾತು ಹೇಳಬೇಕು. ಬೋರ್ಡ್ ಬಟನ್ನನ್ನೇ ನೋಡುತ್ತ ಕೂರುವುದಿಲ್ಲ, ತನ್ನ ಕೆಲಸ ಮಾಡಿಕೊಂಡಿರುತ್ತದೆ. ಬಟನ್ ಒತ್ತಿದಾಗ ವೈರಿನಲ್ಲಿ ಬಂದ ಸೂಚನೆ ಆ ಕೆಲಸವನ್ನು ತಡೆದು, 'ಮೊದಲು ಇದನ್ನು ನೋಡು' ಎನ್ನುತ್ತದೆ. ಅದೇ ಇಂಟರಪ್ಟ್.

ಸುಮಾ ಹಾಸನದಿಂದಲೇ ಇಂಟರ್ನೆಟ್ ಮೂಲಕ ಬೋರ್ಡಿನೊಳಗೆ ಇಣುಕಿ ನೋಡಿ ಹೇಳಿದರು: "ರುದ್ರಣ್ಣ, ಇಂಟರಪ್ಟ್ ಬರ್ತಾನೇ ಇದೆ. ಯಾರೋ ಸೆಕೆಂಡಿಗೊಂದು ಸಲ ಬಟನ್ ಒತ್ತುತ್ತಿದ್ದಾರೆ."

"ಬಟನ್ ನನ್ನ ಕಣ್ಣೆದುರಿಗೇ ಇದೆ ಮೇಡಂ. ನೊಣವೂ ಕೂತಿಲ್ಲ."

ಹಾಗೆ ಹೇಳುವಾಗಲೇ ನನ್ನ ಹಿಂದೆ ಗೋಡೆಯಲ್ಲಿ ಟಕ್... ಟಕ್... ಎಂಬ ಸದ್ದು ಕೇಳಿಸಿತು. ಅದು ಆನೆ ಬರದಂತೆ ಹಾಕಿದ ಸೋಲಾರ್ ಬೇಲಿಯ ಮಷೀನು. ಸೆಕೆಂಡಿಗೊಂದು ಸಲ ತಂತಿಗೆ ಶಾಕ್ ಕೊಡುತ್ತದೆ. ದೀಪ ಹಚ್ಚಿದ ಕೈಯಲ್ಲೇ ಅಕ್ಕ ದಿನವೂ ಅದನ್ನು ಹಾಕುತ್ತಾರೆ.

"ಅಕ್ಕಾ, ಬಟನ್ ವೈರ್ ಎಲ್ಲಿ ಹಾದುಹೋಗ್ತದೆ?"

"ಬೇಲಿ ಕಂಬದ ಮೇಲೇ. ಕಂಬ ನಿಂತೇ ಐತಲ್ಲ, ನೆಲ ಯಾಕ್ ಅಗೀಬೇಕು ಅಂತ ಕಟ್ಟಿಸ್ದೆ."

"ಒಂದ್ನಿಮಿಷ ಬೇಲಿ ಆಫ್ ಮಾಡಿ."

"ಆನೆ ಬಂದ್ರೆ ನೀನ್ ಅಡ್ಡ ನಿಂತ್ಕತೀಯೇನೋ ಮಾರಾಯ?" ಅನ್ನುತ್ತಲೇ ಆರಿಸಿದರು.

"ಇಂಟರಪ್ಟ್ ನಿಂತುಹೋಯ್ತು!" ಎಂದು ಫೋನಿನಲ್ಲಿ ಸುಮಾ ಕೂಗಿದರು. ಬೇಲಿಯ ಒಂದೊಂದು ಹೊಡೆತವೂ ಪಕ್ಕದ ವೈರಿಗೆ ಹಾರಿ, ಬೋರ್ಡಿಗೆ ಸ್ಟಾಪ್ ಬಟನ್ ಒತ್ತಿದಂತೆ ಕಾಣುತ್ತಿತ್ತು.

ರಾತ್ರಿಯೆಲ್ಲ ಬೇಲಿ ಆರಿಸಿಡುವಂತಿಲ್ಲ, ನೀರು ನಿಲ್ಲಿಸುವಂತೆಯೂ ಇಲ್ಲ. ಸುಮಾ ಪ್ರೋಗ್ರಾಮ್ ತಿದ್ದಿದರು: ಇಂಟರಪ್ಟ್ ಬಂದ ಕೂಡಲೇ ನಂಬಬೇಡ, ಐವತ್ತು ಮಿಲಿಸೆಕೆಂಡ್ ಕಾದು ವೈರನ್ನು ಇನ್ನೊಮ್ಮೆ ನೋಡು, ಬಟನ್ ಆಗಲೂ ಒತ್ತಿಯೇ ಇದ್ದರೆ ಮಾತ್ರ ನಿಲ್ಲಿಸು. ಬೇಲಿಯ ಹೊಡೆತ ಅಷ್ಟು ಹೊತ್ತು ಉಳಿಯುವುದಿಲ್ಲ, ಮನುಷ್ಯರ ಬೆರಳು ಉಳಿಯುತ್ತದೆ. ಬೇಲಿ ಹಾಕಿ ಪಂಪು ಚಾಲೂ ಮಾಡಿದೆವು. ಓಡಿತು. ನಿಜವಾಗಿ ನಿಲ್ಲುತ್ತದೋ ಎಂದು ನಾನು ಬಟನ್ ಒತ್ತಿದೆ, ಪಂಪು ನಿಂತಿತು.

"ಅಯ್ಯೋ, ಸರಿಯಾಗಿದ್ದುದ್ನ ಮತ್ತೆ ನಿಲ್ಲಿಸ್ಬುಟ್ಟಲ್ಲೋ!" ಎಂದು ಅಕ್ಕ ಹೌಹಾರಿದರು. ಪಂಪು ಮತ್ತೆ ಓಡಿದ ಮೇಲೆಯೇ ಅವರ ಮುಖದಲ್ಲಿ ನಗು ಕಂಡದ್ದು.

ಬೆಳಗಿನವರೆಗೂ ಸ್ಪ್ರಿಂಕ್ಲರ್ ತಿರುಗಿತು. ಮೊದಲ ರಾತ್ರಿ ತಪ್ಪಿದ್ದ ತೋಟದ ತುಂಡಿಗೂ ನೀರು ಮುಟ್ಟಿತು. ಆದರೂ ಪ್ರೋಗ್ರಾಮ್ ಒಂದನ್ನೇ ನಂಬಿ ಬಿಡುವವನು ನಾನಲ್ಲ. ಮಾರನೆಯ ದಿನವೇ ಬೇಲಿಯಿಂದ ದೂರಕ್ಕೆ ಚರಂಡಿ ತೋಡಿಸಿ, ವೈರನ್ನು ಪೈಪಿನೊಳಗೆ ಹಾಕಿ ಹೂಳಿಸಿದೆ. ವಾರ ಕಳೆದು ಆ ದಾರಿಯಲ್ಲಿ ಹೋದಾಗ ತೋಟವೆಲ್ಲ ಬೆಳ್ಳಗೆ ಅರಳಿತ್ತು.

ಅಂದಿನಿಂದ ಯಾರು ಕರೆದರೂ ಮೊದಲು ಪೆಟ್ಟಿಗೆ ಬಿಚ್ಚುವುದಿಲ್ಲ. ವೈರ್ ಹಿಡಿದು ಕೊನೆಯವರೆಗೂ ನಡೆಯುತ್ತೇನೆ, ಅದು ಯಾರ ಪಕ್ಕದಲ್ಲಿ ಮಲಗಿದೆ ಎಂದು ನೋಡಿಕೊಂಡು.